ಕತ್ತಿನ ಮೇಲೆ ಯಾರ ಕೈ?

ಕತ್ತಿನ ಡಿಸ್ಕ್ ತೊಂದರೆಗೆ ಒಬ್ಬರೇ ಚಿಕಿತ್ಸಕರ ಬಳಿ ನಿಲ್ಲುವವರು ನಮ್ಮಲ್ಲಿ ಕಡಿಮೆ. ಬೆಳಿಗ್ಗೆ ಫಿಸಿಯೋಥೆರಪಿ ಕೇಂದ್ರಕ್ಕೆ ಹೋಗಿ ಕರೆಂಟ್ ಇಡಿಸಿಕೊಂಡು, ಟ್ರಾಕ್ಷನ್ ಹಾಕಿಸಿಕೊಂಡು ಬಂದವರು ಸಂಜೆಗೆ ಯಾರೋ ಹೇಳಿದ ನಾಟಿ ವೈದ್ಯರ ಜಗಲಿಯಲ್ಲಿ ಎಣ್ಣೆ ನೀವಿಸಿಕೊಳ್ಳಲು ಕಾದು ಕೂತಿರುತ್ತಾರೆ. ವಾರದ ಕೊನೆಗೆ ಕ್ಷೌರಕ್ಕೆ ಹೋದಾಗ ಅಲ್ಲಿಯೂ ಒಮ್ಮೆ ತಲೆ ಹಿಡಿದು ಲಟಕ್ ಎನ್ನಿಸಿಕೊಂಡು ಎದ್ದು ಬರುತ್ತಾರೆ. ಮನೆಯಲ್ಲಿ ಅಜ್ಜಿ ಇದ್ದರೆ ದಿಂಬನ್ನು ಬಿಸಿಲಿಗೆ ಹಾಕು ಎನ್ನುತ್ತಾರೆ. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಇದೆ. ಈ ಪೈಕಿ ಯಾರಿಗೂ ಇನ್ನೊಬ್ಬರ ವಿಷಯ ಗೊತ್ತಿರುವುದಿಲ್ಲ. ಎಣ್ಣೆ ನೀವಿದವರ ಸುದ್ದಿ ಹೇಳಿದರೆ ಫಿಸಿಯೋಥೆರಪಿಸ್ಟ್ ಬೈಯುತ್ತಾರೆ ಎಂಬ ಅಳುಕು, ಎಂಆರ್‌ಐ ತೋರಿಸಿದರೆ ನಾಟಿ ವೈದ್ಯರು ಕೈ ಹಾಕುವುದಿಲ್ಲ ಎಂಬ ಭಯ. ಹೀಗಾಗಿ ಒಂದೇ ಕತ್ತಿನ ಮೇಲೆ ಮೂರು ನಾಲ್ಕು ಕೈಗಳು ಕೆಲಸ ಮಾಡಿದರೂ ಅವುಗಳ ನಡುವೆ ಒಂದು ಮಾತೂ ನಡೆಯುವುದಿಲ್ಲ.

ನೀವುವುದು, ಹಿಸುಕುವುದು, ಕೀಲುಗಳನ್ನು ನಿಧಾನವಾಗಿ ಚಲಿಸುವುದು, ತಲೆಯನ್ನು ಮೆಲ್ಲಗೆ ಎಳೆಯುವುದು, ಹೀಗೆ ಕೈಯಿಂದ ಮಾಡುವ ಚಿಕಿತ್ಸೆಗಳಿಗೆ ಡಿಸ್ಕ್ ರೋಗಿಯ ಪಾಲಿಗೆ ಒಂದು ನ್ಯಾಯವಾದ ಜಾಗ ಇದೆ ಎಂದು ನಾನು ನಂಬುತ್ತೇನೆ. ಆದರೆ ಅವು ಡಿಸ್ಕನ್ನು ದುರಸ್ತಿ ಮಾಡುವುದಿಲ್ಲ. ನೋವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತವೆ, ಆ ಹೊತ್ತಿನಲ್ಲಿ ರೋಗಿ ಮಾಡಬೇಕಾದ ಕೆಲಸವನ್ನು ಸಾಧ್ಯವಾಗಿಸುತ್ತವೆ. ಅವುಗಳ ಬೆಲೆ ಅಷ್ಟು. ಆ ಬೆಲೆ ಸಣ್ಣದಲ್ಲ. ಆದರೆ ಅದಕ್ಕಿಂತ ಹೆಚ್ಚಿನದನ್ನು ಮಾರುವವರನ್ನೂ, ಅದನ್ನೂ ಇಲ್ಲ ಎನ್ನುವವರನ್ನೂ ಒಪ್ಪುವುದು ನನಗೆ ಕಷ್ಟ.

ಮೊದಲು ಡಿಸ್ಕಿನ ವಿಷಯ. ಕತ್ತಿನಲ್ಲಿ ಏಳು ಕಶೇರುಗಳು. ಮೇಲಿನ ಎರಡರ ನಡುವೆ ಡಿಸ್ಕ್ ಇಲ್ಲ. ಎರಡನೆಯದರ ಕೆಳಗಿನಿಂದ ಎದೆಯ ಭಾಗದ ಮೊದಲ ಕಶೇರುವಿನ ತನಕ ಆರು ಡಿಸ್ಕ್‌ಗಳು. ಹೆಚ್ಚಾಗಿ ತಕರಾರು ತೆಗೆಯುವುದು ಐದು ಮತ್ತು ಆರರ ನಡುವಿನದು, ಆರು ಮತ್ತು ಏಳರ ನಡುವಿನದು. ಐದು-ಆರರ ನಡುವೆ ನರ ಒತ್ತಿದರೆ ಜೋಮು ಹೆಬ್ಬೆರಳಿನ ಕಡೆ ಇಳಿಯುತ್ತದೆ. ಆರು-ಏಳರ ನಡುವೆ ಒತ್ತಿದರೆ ನಡುಬೆರಳಿನ ಕಡೆ ಹೋಗುತ್ತದೆ, ತೋಳಿನ ಹಿಂಬದಿಯ ಸ್ನಾಯು ಸೋಲುತ್ತದೆ. ಡಿಸ್ಕ್ ಎಂದರೆ ಹೂರಣದ ಕಡುಬಿನಂತೆ: ಹೊರಗೆ ಗಟ್ಟಿ ನಾರಿನ ಪದರಗಳು, ಒಳಗೆ ಮೆತ್ತನೆಯ ತಿರುಳು. ಹೊರಪದರ ಸೀಳಿ ಹೂರಣ ಹೊರಗೆ ಬಂದರೆ ಮೇಲಿನಿಂದ ಒತ್ತಿ ಅದನ್ನು ಒಳಗೆ ಕಳಿಸಲು ಯಾವ ಬೆರಳಿಗೂ ಆಗದು. ಬೆರಳಿಗೂ ಡಿಸ್ಕಿಗೂ ನಡುವೆ ಚರ್ಮ, ಕೊಬ್ಬು, ಸ್ನಾಯುವಿನ ಹಲವು ಪದರ, ಮೂಳೆಯ ಕಮಾನು ಇಷ್ಟೂ ಇವೆ. ‘ಜಾರಿದ ಡಿಸ್ಕ್ ಕೂರಿಸುತ್ತೇವೆ’ ಎಂಬ ಫಲಕ ಆಯುರ್ವೇದದ ಅಂಗಡಿಯ ಮುಂದೆ ಇರಲಿ, ಹವಾನಿಯಂತ್ರಿತ ಕೈರೋಪ್ರಾಕ್ಟಿಕ್ ಕ್ಲಿನಿಕ್ಕಿನ ಮುಂದೆ ಇರಲಿ, ಎರಡೂ ಒಂದೇ ಸುಳ್ಳು.

ಆ ಲಟಕ್ ಶಬ್ದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕೇಳಿದವರಿಗೆ ಏನೋ ಒಂದು ತನ್ನ ಜಾಗಕ್ಕೆ ಮರಳಿತು ಎನಿಸುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಬೆರಳಿನ ನೆಟಿಗೆ ತೆಗೆಯುವಾಗ ಎಂಆರ್‌ಐನಲ್ಲಿ ಚಲನಚಿತ್ರ ಹಿಡಿದು ತೋರಿಸಿದರು: ಕೀಲಿನ ಎರಡು ಮೈಗಳು ಥಟ್ಟನೆ ಬೇರ್ಪಟ್ಟಾಗ ನಡುವಿನ ದ್ರವದಲ್ಲಿ ಅನಿಲದ ಪೊಳ್ಳು ಮೂಡುತ್ತದೆ, ಸದ್ದು ಬರುವುದು ಆ ಗಳಿಗೆಯಲ್ಲಿ. ಕತ್ತಿನ ಹಿಂಭಾಗದ ಸಣ್ಣ ಕೀಲುಗಳೂ ದ್ರವ ತುಂಬಿದ ಇಂಥವೇ ಕೀಲುಗಳು. ಡಿಸ್ಕಿಗೂ ಆ ಸದ್ದಿಗೂ ಸಂಬಂಧವಿಲ್ಲ. ಸದ್ದು ಬಂದ ಮೇಲೆ ಹಗುರಾಗುವುದು ನಿಜ. ಅದು ಸ್ವಲ್ಪ ಹೊತ್ತಿನ ಹಗುರ.

ಇನ್ನು ಎಂಆರ್‌ಐ ವರದಿ. ‘ಡಿಸ್ಕ್ ಬಲ್ಜ್’ ಎಂದು ಬರೆದ ಕಾಗದ ಕೈಗೆ ಬಂದ ದಿನದಿಂದ ಮನುಷ್ಯ ತನ್ನ ಕತ್ತನ್ನು ಗಾಜಿನ ಸಾಮಾನು ಎಂದು ತಿಳಿಯಲು ಶುರು ಮಾಡುತ್ತಾನೆ. ಜಪಾನಿನಲ್ಲಿ ಕತ್ತಿನ ನೋವಿನ ಲಕ್ಷಣವೇ ಇಲ್ಲದ 1211 ಮಂದಿಯ ಎಂಆರ್‌ಐ ತೆಗೆದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಶೇ 87.6 ಮಂದಿಗೆ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ನಾಲ್ವರಲ್ಲಿ ಸುಮಾರು ಮೂವರಿಗೆ. ಎಂಆರ್‌ಐ ಬೇಡ ಎಂದು ಇದರಿಂದ ಹೇಳಬಾರದು. ಕೈಯ ಜೋಮು, ಸ್ನಾಯುವಿನ ಬಲ, ತೋಳಿಗೆ ಇಳಿಯುವ ನೋವಿನ ದಾರಿ ಇವುಗಳೊಂದಿಗೆ ಹೊಂದಿಕೊಂಡರೆ ಮಾತ್ರ ಆ ಚಿತ್ರಕ್ಕೆ ಅರ್ಥ ಬರುತ್ತದೆ. ಹೊಂದಿಕೆ ನೋಡುವುದು ಮುಟ್ಟಿ ಪರೀಕ್ಷಿಸುವವರ ಕೆಲಸ. ತಲೆಯನ್ನು ನೋವಿರುವ ಬದಿಗೆ ವಾಲಿಸಿ ಮೇಲಿನಿಂದ ಮೆಲ್ಲನೆ ಒತ್ತಿದಾಗ ತೋಳಿಗೆ ನೋವು ಇಳಿಯುತ್ತದೆಯೇ? ಗದ್ದ ಮತ್ತು ಹಿಂದಲೆಗೆ ಕೈಕೊಟ್ಟು ತಲೆಯನ್ನು ನಿಧಾನವಾಗಿ ಮೇಲಕ್ಕೆಳೆದಾಗ ಅದು ತಗ್ಗುತ್ತದೆಯೇ? ನೋವಿರುವ ಬದಿಗೆ ಕತ್ತು ಅರವತ್ತು ಡಿಗ್ರಿಯಾದರೂ ತಿರುಗುತ್ತದೆಯೇ? ಐದು ನಿಮಿಷದ ಈ ಪರೀಕ್ಷೆ ಮಾಡದೆ ನೇರ ಯಂತ್ರದ ಕೋಣೆಗೆ ಕಳಿಸುವ ಕ್ಲಿನಿಕ್ಕುಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಈ ಕಾಯಿಲೆಯ ಇನ್ನೊಂದು ಗುಣ ಎಲ್ಲ ಚಿಕಿತ್ಸಕರಿಗೂ ಅನುಕೂಲವಾಗಿ ಒದಗಿಬಂದಿದೆ: ಬಹಳಷ್ಟು ಮಂದಿಗೆ ಅದು ತಾನಾಗಿಯೇ ಇಳಿಯುತ್ತದೆ. ಅಮೆರಿಕದ ಮಿನಿಸೋಟಾದ ರೋಚೆಸ್ಟರ್ ಊರಿನಲ್ಲಿ 1976ರಿಂದ 1990ರವರೆಗೆ ಕತ್ತಿನ ನರಬೇರಿನ ತೊಂದರೆ ಕಂಡ 561 ಮಂದಿಯ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದಿದೆ. ಅದರ ಮೊದಲ ಲೇಖಕ ಕೆ. ರಾಧಾಕೃಷ್ಣನ್ ಮುಂದೆ ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆಯ ನಿರ್ದೇಶಕರಾದರು. ನಾಲ್ಕರಲ್ಲೊಬ್ಬರಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಉಳಿದವರೂ ಸೇರಿ ಕೊನೆಯ ಭೇಟಿಯ ಹೊತ್ತಿಗೆ ಶೇ 90ರಷ್ಟು ಮಂದಿಗೆ ತೊಂದರೆ ಇರಲಿಲ್ಲ ಅಥವಾ ಅಲ್ಪವಾಗಿತ್ತು. ಹೊರಬಂದ ತಿರುಳನ್ನು ದೇಹದ ರಕ್ಷಣಾ ಕೋಶಗಳು ತಾವೇ ತಿಂದು ಕರಗಿಸುವುದೂ ಉಂಟು. ದೊಡ್ಡದಾಗಿ ಹೊರಬಂದ ತುಣುಕೇ ಬೇಗ ಕರಗುವುದು ಇದರ ತಮಾಷೆ.

ಹೀಗಿರುವಾಗ ಮೂರನೇ ತಿಂಗಳು ಯಾರ ಬಳಿ ಹೋದರೋ ಅವರ ಕೈಗುಣ ದೊಡ್ಡದಾಗುತ್ತದೆ. ‘ಎಲ್ಲ ಕಡೆ ಸುತ್ತಿದೆ, ಕೊನೆಗೆ ಇವರ ಕೈಯಲ್ಲಿ ವಾಸಿಯಾಯಿತು’ ಎಂಬ ಮಾತನ್ನು ನಾನು ಸುಳ್ಳು ಎನ್ನುವುದಿಲ್ಲ. ಕೊನೆಗೆ ಎನ್ನುವ ಪದದಲ್ಲಿ ಎಷ್ಟು ವಾರಗಳು ಅಡಗಿವೆ ಎಂದಷ್ಟೇ ಕೇಳುತ್ತೇನೆ. ನೆದರ್ಲೆಂಡ್ಸಿನಲ್ಲಿ ತೋಳಿಗೆ ನೋವು ಇಳಿದು ಹೆಚ್ಚು ದಿನವಾಗದ 205 ಮಂದಿಯನ್ನು ಮೂರು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಕಾಲರ್ ಮತ್ತು ವಿಶ್ರಾಂತಿ, ಇನ್ನೊಂದಕ್ಕೆ ಫಿಸಿಯೋಥೆರಪಿ, ಮೂರನೆಯದಕ್ಕೆ ಕಾದು ನೋಡುವುದು. ಆರು ವಾರಕ್ಕೆ ಮೊದಲೆರಡು ಗುಂಪಿನವರ ನೋವು ಹೆಚ್ಚು ತಗ್ಗಿತ್ತು. ಆರು ತಿಂಗಳಿಗೆ ಮೂರೂ ಗುಂಪಿನವರು ಹೆಚ್ಚು ಕಡಿಮೆ ಒಂದೇ ಕಡೆ ನಿಂತಿದ್ದರು. 2009ರ ಈ ಪ್ರಯೋಗವನ್ನು ಓದಿದ ಫಿಸಿಯೋಥೆರಪಿಸ್ಟರಿಗೆ ಒಂದಷ್ಟು ವಿನಯ ಬರಬೇಕು. ರೋಗಿಗೆ ಮಾತ್ರ ಆ ಮೊದಲ ಆರು ವಾರ ಬಹಳ ದೊಡ್ಡದು: ಮಲಗಲಾಗದ ರಾತ್ರಿಗಳು, ತಲೆ ಬಾಚಲು ಎತ್ತಲಾಗದ ಕೈ, ಕೆಲಸ ಕೈಬಿಟ್ಟುಹೋಗುವ ಭಯ. ಕೈಚಿಕಿತ್ಸೆಯ ವಾದ ಶುರುವಾಗಬೇಕಾದದ್ದು ಇಲ್ಲಿಂದ, ಡಿಸ್ಕಿನ ಜಾಗ ಬದಲಿಸುವ ಕಥೆಯಿಂದಲ್ಲ.

ನರ ಕೆರಳಿದಾಗ ಕತ್ತು ಮತ್ತು ಭುಜದ ಸ್ನಾಯುಗಳು ಬಿಗಿದುಕೊಂಡು ಕಾವಲು ನಿಲ್ಲುತ್ತವೆ. ಮೊದಲ ದಿನಗಳಲ್ಲಿ ಆ ಕಾವಲು ಬೇಕಾದದ್ದೇ. ವಾರಗಳು ಕಳೆದ ಮೇಲೂ ಅದು ಸಡಿಲದಿದ್ದರೆ ಕಾವಲೇ ಎರಡನೆಯ ನೋವಾಗುತ್ತದೆ. ಆಗ ನುರಿತ ಕೈ ಬಿದ್ದರೆ ಬಿಗಿತ ತಗ್ಗುತ್ತದೆ, ಬೆನ್ನುಹುರಿ ಮತ್ತು ಮೆದುಳಿನ ಮಟ್ಟದಲ್ಲಿ ನೋವಿನ ಸಂದೇಶದ ಜೋರು ಇಳಿಯುತ್ತದೆ, ಮುಖ್ಯವಾಗಿ ‘ನನ್ನ ಕತ್ತನ್ನು ಅಲುಗಿಸಿದರೂ ಏನೂ ಆಗಲಿಲ್ಲ’ ಎಂಬ ಧೈರ್ಯ ಬರುತ್ತದೆ. ವಿಚಾರವಾದಿ ಗೆಳೆಯರು ಇದನ್ನು ಪ್ಲಸೀಬೊ ಎಂದು ತಳ್ಳಿಹಾಕುತ್ತಾರೆ. ಸ್ವಲ್ಪ ಭಾಗ ಹೌದು. ಆದರೆ ಆ ಹೆಸರು ಕೊಟ್ಟ ಮಾತ್ರಕ್ಕೆ ರೋಗಿ ನಿದ್ದೆ ಮಾಡಿದ್ದು ಸುಳ್ಳಾಗುವುದಿಲ್ಲ. ಸಿಯಾಟಲ್‌ನಲ್ಲಿ ದೀರ್ಘಕಾಲದ ಕತ್ತುನೋವಿನ 228 ಮಂದಿಗೆ ಬೇರೆ ಬೇರೆ ಪ್ರಮಾಣದಲ್ಲಿ ಮಸಾಜ್ ಕೊಟ್ಟು ನೋಡಿದಾಗ ವಾರಕ್ಕೆ ಎರಡು ಮೂರು ಬಾರಿ, ಪ್ರತಿ ಸಲ ಒಂದು ಗಂಟೆ ನೀವಿಸಿಕೊಂಡವರಿಗೆ ಗುಣ ಕಂಡಿತು. ಅರ್ಧ ಗಂಟೆಯ ಮಸಾಜ್ ಪಡೆದವರಿಗೂ ಏನೂ ಪಡೆಯದೆ ಕಾದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಬರೀ ನಂಬಿಕೆಯ ಆಟವಾಗಿದ್ದರೆ ಪ್ರಮಾಣಕ್ಕೆ ತಕ್ಕಂತೆ ಫಲ ಬದಲಾಗುವುದನ್ನು ವಿವರಿಸುವುದು ಕಷ್ಟ. ಆ ಅಧ್ಯಯನದಲ್ಲಿದ್ದವರದು ಸಾಮಾನ್ಯ ಕತ್ತುನೋವು, ನರ ಒತ್ತಿದ ಪ್ರಕರಣಗಳಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಇಂಥ ಅಧ್ಯಯನದ ಫಲವನ್ನು ಡಿಸ್ಕ್ ರೋಗಿಗೆ ನೇರ ಅಂಟಿಸುವುದು ಈ ಕ್ಷೇತ್ರದ ಹಳೆಯ ಚಾಳಿ.

ಅಮೆರಿಕದ್ದೇ ಇನ್ನೊಂದು ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಹೊಸದಾಗಿ ಕತ್ತುನೋವು ಬಂದ 272 ಮಂದಿಯಲ್ಲಿ ಕೆಲವರಿಗೆ ಕತ್ತಿನ ಮ್ಯಾನಿಪ್ಯುಲೇಷನ್ (ಕೀಲನ್ನು ಕೈಯಿಂದ ಥಟ್ಟನೆ ತಿರುವುವ ಚಿಕಿತ್ಸೆ), ಕೆಲವರಿಗೆ ಮಾತ್ರೆ, ಉಳಿದವರಿಗೆ ಮನೆಯಲ್ಲೇ ಮಾಡಿಕೊಳ್ಳುವ ವ್ಯಾಯಾಮ ಮತ್ತು ಸಲಹೆ. ಮಾತ್ರೆಗಿಂತ ಮ್ಯಾನಿಪ್ಯುಲೇಷನ್ ಮೇಲಾಯಿತು. ಕೈರೋಪ್ರಾಕ್ಟರರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅದೇ ಪ್ರಯೋಗದಲ್ಲಿ ಮನೆಯ ವ್ಯಾಯಾಮವೂ ಹತ್ತಿರ ಹತ್ತಿರ ಅಷ್ಟೇ ಫಲ ಕೊಟ್ಟಿತು ಎಂಬ ಭಾಗವನ್ನು ಅಷ್ಟು ಜೋರಾಗಿ ಹೇಳುವುದಿಲ್ಲ. ತನ್ನ ಕತ್ತನ್ನು ತಾನೇ ಸರಿಯಾಗಿ ಅಲುಗಿಸಲು ಕಲಿತವನು ಇನ್ನೊಬ್ಬರ ಕೈಗೆ ಕತ್ತು ಕೊಟ್ಟವನಷ್ಟೇ ದೂರ ನಡೆದ ಎಂದರೆ, ಆ ಇನ್ನೊಬ್ಬರ ಕೈಯ ಉಪಯೋಗ ಯಾರಿಗೆ? ವ್ಯಾಯಾಮ ಶುರು ಮಾಡಲಾಗದಷ್ಟು ನೋವಿರುವವರಿಗೆ, ಭಯ ಹಿಡಿದವರಿಗೆ. ನೀವುವುದು ಮುಗಿದ ಮೇಲಿನ ಹಗುರವಾದ ಹೊತ್ತಿನಲ್ಲಿ ಗದ್ದವನ್ನು ಒಳಗೆಳೆಯುವುದು, ಹೆಗಲಿನ ಮೂಳೆಗಳನ್ನು ಹಿಂದಕ್ಕೆ ಕೂಡಿಸುವುದು, ಕತ್ತಿನ ಮುಂಭಾಗದ ಆಳದ ಸ್ನಾಯುಗಳಿಗೆ ಕೆಲಸ ಕೊಡುವುದು ಸುಲಭ. ಆ ಹೊತ್ತಿನಲ್ಲಿ ಮಲಗಿ ಮೊಬೈಲ್ ನೋಡಿದರೆ ಕೊಟ್ಟ ದುಡ್ಡು ಎಣ್ಣೆಯ ಜೊತೆ ಬಚ್ಚಲಲ್ಲಿ ತೊಳೆದುಹೋಗುತ್ತದೆ.

ಮಲೆನಾಡಿನ ಅಡಿಕೆ ತೋಟಗಳಲ್ಲಿ ಮರ ಹತ್ತುವವರು ಸಿಗದೆ ಈಗ ಫೈಬರ್ ದೋಟಿಗಳು ಬಂದಿವೆ. ನೆಲದ ಮೇಲೆ ನಿಂತೇ ಕೊಯ್ಲು ಮಾಡಬಹುದು, ಮಳೆಗಾಲದಲ್ಲಿ ಔಷಧಿ ಹೊಡೆಯಬಹುದು. ಬಿದ್ದು ಸಾಯುವ ಭಯ ತಪ್ಪಿತು. ಆದರೆ ದೋಟಿ ಹಿಡಿದವನು ಗಂಟೆಗಟ್ಟಲೆ ಕತ್ತನ್ನು ಹಿಂದಕ್ಕೆ ಬಾಗಿಸಿ ಗೊನೆ ನೋಡುತ್ತಿರಬೇಕು. ಕತ್ತು ಹಿಂದಕ್ಕೆ ಬಾಗಿದಾಗ ನರ ಹೊರಬರುವ ಕಿಂಡಿ ಕಿರಿದಾಗುತ್ತದೆ. ಆಗಲೇ ಡಿಸ್ಕ್ ಉಬ್ಬಿದ್ದರೆ ಜೋಮು ತೋಳಿಗೆ ಇಳಿಯಲು ಇಷ್ಟು ಸಾಕು. ಇಂಥವರಿಗೆ ತಿಂಗಳುಗಟ್ಟಲೆ ಎಣ್ಣೆ ನೀವಿ ಮತ್ತೆ ಅದೇ ದೋಟಿಯ ಕೆಳಗೆ ಕಳಿಸಿದರೆ ಏನು ಸಾಧಿಸಿದಂತಾಯಿತು? ಮರದಿಂದ ಸ್ವಲ್ಪ ಆಚೆ ನಿಂತು ನೋಟದ ಕೋನ ತಗ್ಗಿಸುವುದು, ಇಬ್ಬರು ಸರದಿಯಲ್ಲಿ ಹಿಡಿಯುವುದು, ಹೆಗಲು ಮತ್ತು ಬೆನ್ನಿನ ಮೇಲ್ಭಾಗಕ್ಕೆ ಬಲ ತುಂಬುವುದು, ಇದನ್ನೆಲ್ಲ ಯಾರಾದರೂ ಕೂತು ಹೇಳಬೇಕು. ತಲೆಯ ಮೇಲೆ ಸಿಂಬೆ ಇಟ್ಟು ಇಟ್ಟಿಗೆ ಹೊರುವ ಹೆಂಗಸಿಗೆ ‘ಭಾರ ಹೊರಬೇಡಿ’ ಎನ್ನುವ ಸಲಹೆಗೆ ಅರ್ಥವೇ ಇಲ್ಲ. ಎಷ್ಟು, ಹೇಗೆ, ಎಷ್ಟು ಹೊತ್ತಿಗೊಮ್ಮೆ ಬಿಡುವು ಎಂದು ಮಾತಾಡಬೇಕು. ಇದು ಫಿಸಿಯೋಥೆರಪಿಯ ನಿಜವಾದ ಕೆಲಸ. ಯಂತ್ರ ಇದನ್ನು ಮಾಡದು, ನೀವುವವರಿಗೂ ಇದರ ತರಬೇತಿ ಇಲ್ಲ.

ಯಂತ್ರದ ಮಾತಿಗೆ ಬರುತ್ತೇನೆ. ಮಸಾಜನ್ನು ಫಿಸಿಯೋಥೆರಪಿಗೆ ಪೂರಕ ಎಂದು ಹೊರಗಿನಿಂದ ಸೇರಿಸುವಂತೆ ಮಾತಾಡುವವರಿಗೆ ಈ ವೃತ್ತಿಯ ಇತಿಹಾಸ ನೆನಪಿಸಬೇಕು. 1894ರಲ್ಲಿ ಇಂಗ್ಲೆಂಡಿನ ನಾಲ್ವರು ದಾದಿಯರು ತರಬೇತಿ ಪಡೆದ ಮಸಾಜ್‌ಗಾರ್ತಿಯರ ಸಂಘವೊಂದನ್ನು ಕಟ್ಟಿದರು. ಮಸಾಜ್ ಹೆಸರಿನಲ್ಲಿ ನಡೆಯುತ್ತಿದ್ದ ದಂಧೆಗಳಿಂದ ತಮ್ಮ ಕೆಲಸದ ಮಾನ ಉಳಿಸಿಕೊಳ್ಳುವುದು ಅವರ ಉದ್ದೇಶವಾಗಿತ್ತು. ಅದೇ ಸಂಘ ಬೆಳೆದು ಬ್ರಿಟನ್ನಿನ ಫಿಸಿಯೋಥೆರಪಿ ವೃತ್ತಿಯ ಮಾತೃಸಂಸ್ಥೆಯಾಯಿತು. ಲಂಡನ್ನಿನ ಜೇಮ್ಸ್ ಸಿರಿಯಾಕ್ಸ್, ನಾರ್ವೆಯ ಕಾಲ್ಟೆನ್‌ಬೋರ್ನ್, ಆಸ್ಟ್ರೇಲಿಯಾದ ಜೆಫ್ರಿ ಮೇಟ್‌ಲ್ಯಾಂಡ್, ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ ಮತ್ತು ಬ್ರಯಾನ್ ಮಲ್ಲಿಗನ್ ಇವರೆಲ್ಲ ಇಪ್ಪತ್ತನೇ ಶತಮಾನದಲ್ಲಿ ಬೆಳೆಸಿದ್ದು ಕೈಯ ವಿದ್ಯೆಯನ್ನೇ. ನಮ್ಮ ಬಿಪಿಟಿ, ಎಂಪಿಟಿ ಓದುವ ಮಕ್ಕಳು ಈ ಹೆಸರುಗಳನ್ನು ಪರೀಕ್ಷೆಗೆ ಉರು ಹೊಡೆಯುತ್ತಾರೆ. ಓದು ಮುಗಿಸಿ ಕೆಲಸಕ್ಕೆ ಸೇರಿದ ಕಡೆ ಗಂಟೆಗೆ ನಾಲ್ಕಾರು ರೋಗಿಗಳು. ಒಬ್ಬರಿಗೆ ಕರೆಂಟ್ ಪ್ಯಾಡ್ ಅಂಟಿಸಿ, ಇನ್ನೊಬ್ಬರಿಗೆ ಟ್ರಾಕ್ಷನ್ ಬಿಗಿದು, ಮತ್ತೊಬ್ಬರಿಗೆ ಶಾಖದ ಚೀಲ ಇಟ್ಟು ಓಡಾಡಬೇಕು. ರೋಗಿಯ ಕತ್ತನ್ನು ಹತ್ತು ನಿಮಿಷ ಹಿಡಿಯಲು ಅವರಿಗೆ ಪುರುಸೊತ್ತು ಇಲ್ಲ.

ರೋಗಿ ಎಣ್ಣೆಯವರ ಬಳಿ ಓಡುವುದು ಅಜ್ಞಾನದಿಂದ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅರ್ಧ ಕಾರಣ ಈ ಕ್ಲಿನಿಕ್ಕುಗಳೇ. ಅಲ್ಲಿ ಸಿಗದ ಎರಡು ಸಂಗತಿಗಳು, ಮುಟ್ಟುವುದು ಮತ್ತು ಸಮಯ, ನಾಟಿ ವೈದ್ಯರ ಜಗಲಿಯಲ್ಲಿ ಸಿಗುತ್ತವೆ. ಎಲ್ಲಿ ನೋವು, ಯಾವಾಗಿನಿಂದ, ಗದ್ದೆಗೆ ಹೋಗಿದ್ದೆಯಾ, ನಿದ್ದೆ ಬರುತ್ತದೆಯೇ ಎಂದು ಅವರು ಕೇಳುತ್ತಾರೆ, ಕೇಳುತ್ತಲೇ ಬೆರಳಿನಿಂದ ಹುಡುಕುತ್ತಾರೆ. ಫಿಸಿಯೋಥೆರಪಿ ತನ್ನ ಕೈಯನ್ನು ತಾನು ಮರಳಿ ಪಡೆದರೆ ಪೂರಕ ಚಿಕಿತ್ಸೆಯ ಪ್ರಶ್ನೆ ಬಹುಪಾಲು ಕರಗುತ್ತದೆ.

ಬಹುಪಾಲು ಎಂದೆ, ಪೂರ್ತಿ ಅಲ್ಲ. ಆಯುರ್ವೇದದಲ್ಲಿ ಅಭ್ಯಂಗ, ಸೊಪ್ಪಿನ ಗಂಟಿನಿಂದ ಶಾಖ ಕೊಡುವ ಪತ್ರಪಿಂಡ ಸ್ವೇದ, ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಕತ್ತಿನ ಮೇಲೆ ಬೆಚ್ಚನೆಯ ತೈಲ ನಿಲ್ಲಿಸುವ ಗ್ರೀವಾ ಬಸ್ತಿ ಇವೆ. 1989ರಲ್ಲಿ ಶುರುವಾದ ಉಜಿರೆಯ ಎಸ್‌ಡಿಎಂ ಕಾಲೇಜಿನಂಥ ಕಡೆ ಪ್ರಕೃತಿ ಚಿಕಿತ್ಸೆಯನ್ನೇ ಪದವಿಯಾಗಿ ಓದಿದವರಿದ್ದಾರೆ. ಈ ವಿಧಾನಗಳ ಒಂದು ಗುಣವನ್ನು ನಾನು ಮೆಚ್ಚುತ್ತೇನೆ: ಅವುಗಳಲ್ಲಿ ಹೆಚ್ಚಿನವು ಸೌಮ್ಯ. ಶಾಖ, ಎಣ್ಣೆ, ನಿಧಾನದ ನೀವು, ಮಲಗಿಸಿ ಇಡುವ ಅರ್ಧ ಗಂಟೆ. ತೈಲ ಚರ್ಮದ ಮೂಲಕ ಇಳಿದು ಡಿಸ್ಕನ್ನು ಪೋಷಿಸುತ್ತದೆ ಎಂಬ ವಿವರಣೆಯನ್ನು ಒಪ್ಪುವುದಕ್ಕೆ ನನಗೆ ಕಾರಣ ಕಾಣದು. ವಿವರಣೆ ತಪ್ಪಾದರೂ ಬಿಗಿದ ಕತ್ತಿಗೆ ಬೆಚ್ಚಗಿನ ಎಣ್ಣೆ ಹಿತ ಕೊಡುವುದು ನಿಲ್ಲುವುದಿಲ್ಲ. ಹಿತ ಕೊಟ್ಟಿತೆಂದು ವಿವರಣೆ ಸರಿಯಾಗುವುದೂ ಇಲ್ಲ. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳುವವರು ನಮ್ಮ ಚರ್ಚೆಗಳಲ್ಲಿ ಬಹಳ ಕಡಿಮೆ.

ನಾನು ಖಂಡಿತವಾಗಿ ವಿರೋಧಿಸುವುದು ಕತ್ತನ್ನು ಥಟ್ಟನೆ ತಿರುವುವುದನ್ನು. ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ಕಶೇರು ಧಮನಿಗಳು ಸಾಮಾನ್ಯವಾಗಿ ಆರನೇ ಕಶೇರುವಿನಿಂದ ಮೇಲಕ್ಕೆ ಮೂಳೆಯ ರಂಧ್ರಗಳ ಒಳಗೇ ಸಾಗುತ್ತವೆ. ತುದಿಯಲ್ಲಿ ಮೊದಲ ಕಶೇರುವನ್ನು ಬಳಸಿಕೊಂಡು ಚೂಪಾಗಿ ತಿರುಗಿ ತಲೆಬುರುಡೆ ಸೇರುತ್ತವೆ. ತಲೆ ತಿರುಗಿಸುವ ಚಲನೆಯಲ್ಲಿ ಸುಮಾರು ಅರ್ಧ ನಡೆಯುವುದು ಅದೇ ಮೊದಲೆರಡು ಕಶೇರುಗಳ ನಡುವೆ. ಥಟ್ಟನೆ ತಿರುವಿದಾಗ ರಕ್ತನಾಳದ ಒಳಪದರ ಹರಿದು, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಸಾಗಿ ಪಾರ್ಶ್ವವಾಯು ಬರಬಹುದು. 2024ರಲ್ಲಿ ಬಳ್ಳಾರಿಯ ಯುವಕನೊಬ್ಬ ಕ್ಷೌರದಂಗಡಿಯಲ್ಲಿ ತಲೆ ಮಸಾಜಿನ ಜೊತೆ ಕತ್ತು ತಿರುವಿಸಿಕೊಂಡು ಮನೆಗೆ ಹೋದ ಕೆಲವೇ ಗಂಟೆಗಳಲ್ಲಿ ಮಾತು ನಿಂತು ಎಡಭಾಗದ ಬಲ ಕಳೆದುಕೊಂಡದ್ದು ಪತ್ರಿಕೆಗಳಲ್ಲಿ ಬಂದಿತ್ತು; ಹರಿದಿದ್ದು ಕತ್ತಿನ ಮುಂಭಾಗದ ಕ್ಯಾರೋಟಿಡ್ ಧಮನಿ. ಬ್ಯೂಟಿ ಪಾರ್ಲರುಗಳಲ್ಲಿ ತಲೆ ತೊಳೆಯಲು ಕತ್ತನ್ನು ಬೇಸಿನ್ನಿನ ಅಂಚಿಗೆ ಹಿಂದಕ್ಕೆ ಬಾಗಿಸಿದಾಗ ಆದ ಐದು ಪ್ರಕರಣಗಳನ್ನು ಅಮೆರಿಕದ ವೈದ್ಯರೊಬ್ಬರು 1993ರಲ್ಲೇ ದಾಖಲಿಸಿದ್ದಾರೆ.

ಎದುರು ವಾದವೂ ಇದೆ, ಅದನ್ನು ಮುಚ್ಚಿಡಬಾರದು. ಕೆನಡಾದ ಒಂಟಾರಿಯೊದಲ್ಲಿ ಕಶೇರು ಧಮನಿಗೆ ಸಂಬಂಧಿಸಿದ 818 ಪಾರ್ಶ್ವವಾಯು ಪ್ರಕರಣಗಳನ್ನು ನೋಡಿದ 2008ರ ಅಧ್ಯಯನದಲ್ಲಿ, ಅದಕ್ಕೂ ಮೊದಲು ಕೈರೋಪ್ರಾಕ್ಟರ್ ಬಳಿ ಹೋಗಿದ್ದವರಲ್ಲಿ ಕಂಡಷ್ಟೇ ಸಂಬಂಧ ಸಾಮಾನ್ಯ ವೈದ್ಯರ ಬಳಿ ಹೋಗಿದ್ದವರಲ್ಲೂ ಕಂಡಿತು. ಧಮನಿ ಆಗಲೇ ಹರಿಯತೊಡಗಿ ಕತ್ತು, ತಲೆ ನೋಯುತ್ತಿದ್ದವರೇ ಇಬ್ಬರ ಬಳಿಯೂ ಹೋಗಿರಬಹುದು ಎಂಬುದು ಅದರ ತಾತ್ಪರ್ಯ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರ ಹೇಳಿಕೆಯಲ್ಲಿ ತಿರುವುವುದರಿಂದಲೇ ಹರಿಯುತ್ತದೆ ಎಂದು ಸಾಬೀತಾಗಿಲ್ಲ ಎಂದಿತು, ಸಂಬಂಧವಿರುವುದನ್ನು ಮೊದಲೇ ರೋಗಿಗೆ ತಿಳಿಸಬೇಕು ಎಂದೂ ಸೇರಿಸಿತು. ಅಪಾಯ ಅಪರೂಪ ಎಂದು ನಾನೂ ಒಪ್ಪುತ್ತೇನೆ. ಆದರೆ ಅಪರೂಪದ ಅಪಾಯವನ್ನು ಸ್ವೀಕರಿಸಲು ಪ್ರತಿಯಾಗಿ ವಿಶೇಷ ಲಾಭ ಇರಬೇಕಲ್ಲವೇ? ಕತ್ತುನೋವಿನ ಕೈಚಿಕಿತ್ಸೆಗಳನ್ನು ಪರಿಶೀಲಿಸಿದ 2015ರ ಕಾಕ್ರೇನ್ ವಿಮರ್ಶೆಯಲ್ಲಿ ಥಟ್ಟನೆ ತಿರುವುವುದಕ್ಕೂ ನಿಧಾನವಾಗಿ ಚಲಿಸುವುದಕ್ಕೂ ಫಲದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಅದೇ ಫಲ ಮೆಲ್ಲನೆಯ ದಾರಿಯಲ್ಲಿ ಸಿಗುವುದಾದರೆ, ಅದರಲ್ಲೂ ನರ ಈಗಾಗಲೇ ಒತ್ತಿಕೊಂಡಿರುವ ಕತ್ತಿನಲ್ಲಿ, ತಿರುವಿಗೆ ಉಳಿಯುವ ಸಮರ್ಥನೆ ಆ ಸದ್ದು ಮಾತ್ರ. ಇತ್ತೀಚೆಗೆ ಮೊಬೈಲಿನಲ್ಲಿ ಹರಿದಾಡುವ ವಿಡಿಯೋಗಳಲ್ಲಿ ಮೈಕನ್ನು ಕತ್ತಿನ ಹತ್ತಿರವೇ ಇಟ್ಟು ಆ ಸದ್ದನ್ನು ಮಾರುತ್ತಿದ್ದಾರೆ.

ಕೆಲವು ಕತ್ತುಗಳಿಗೆ ಯಾರ ಕೈಯೂ ಬೀಳಬಾರದು. ಡಿಸ್ಕ್ ಪಕ್ಕದ ನರವನ್ನು ಬಿಟ್ಟು ನಡುವಿನ ಬೆನ್ನುಹುರಿಯನ್ನೇ ಒತ್ತುತ್ತಿದ್ದರೆ ನೋವು ಕಡಿಮೆ ಇದ್ದೀತು, ಆದರೆ ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತದೆ, ಅಕ್ಷರ ಕೆಡುತ್ತದೆ, ಕಲಸಿದ ಅನ್ನದ ತುತ್ತು ಜಾರುತ್ತದೆ, ನಡಿಗೆ ಓಲಾಡುತ್ತದೆ. ಕಾಲಿನಿಂದ ಚಪ್ಪಲಿ ಗೊತ್ತಾಗದಂತೆ ಜಾರಿ ಹಿಂದೆ ಉಳಿಯುತ್ತದೆಯೇ ಎಂದು ನರರೋಗ ತಜ್ಞರು ತಪ್ಪದೆ ಕೇಳುತ್ತಾರೆ. ಬರಿಗಾಲಿನ, ಹವಾಯಿ ಚಪ್ಪಲಿಯ ನಾಡಿಗೆ ತಕ್ಕ ಪ್ರಶ್ನೆ ಅದು. ಮೂತ್ರದ ಹಿಡಿತ ತಪ್ಪಿದರಂತೂ ಆ ದಿನವೇ ಆಸ್ಪತ್ರೆ. ಬಹುಕಾಲದ ಸಂಧಿವಾತದಲ್ಲಿ ಮೊದಲೆರಡು ಕಶೇರುಗಳ ಕಟ್ಟು ಸಡಿಲವಾಗಿರಬಹುದು. ಇನ್ನೊಂದು ನಮ್ಮ ದೇಶಕ್ಕೆ ವಿಶೇಷವಾದದ್ದು, ಬೆನ್ನುಮೂಳೆಯ ಕ್ಷಯ. ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ಕನೇ ಒಂದು ಭಾಗದಷ್ಟು ಭಾರತದಲ್ಲೇ ಇದ್ದಾರೆ. ಕತ್ತುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿತ, ರಾತ್ರಿ ಬೆವರು ಇದ್ದರೆ, ಕ್ಷಯ ತಿಂದ ಮೂಳೆಯನ್ನು ಹಿಸುಕುವುದೆಂದರೆ ಅದನ್ನು ಕುಸಿಯಲು ಬಿಡುವುದು. ಪಾಶ್ಚಾತ್ಯ ಕೈಪಿಡಿಗಳಲ್ಲಿ ಇದಕ್ಕೆ ಒಂದು ಸಾಲು. ಇಲ್ಲಿ ಮೊದಲ ಪುಟದಲ್ಲಿರಬೇಕು.

ಹಾಗಾಗಿ ಯಾರು ಮುಟ್ಟಬೇಕು ಎನ್ನುವುದಕ್ಕಿಂತ ಮೊದಲು ಯಾರು ಪರೀಕ್ಷಿಸಬೇಕು ಎಂಬುದು ತೀರ್ಮಾನವಾಗಬೇಕು. ವೈದ್ಯರು ಅಥವಾ ಅರ್ಹ ಫಿಸಿಯೋಥೆರಪಿಸ್ಟ್ ಪರೀಕ್ಷಿಸಲಿ. 2021ರ ಕೇಂದ್ರ ಕಾಯ್ದೆಯ ಅಡಿಯಲ್ಲಿ ಫಿಸಿಯೋಥೆರಪಿ ಈಗ ಶಾಸನಬದ್ಧ ಆಯೋಗದ ವ್ಯಾಪ್ತಿಗೆ ಬಂದಿದೆ, ಕೈರೋಪ್ರಾಕ್ಟಿಕ್‌ಗೆ ನಮ್ಮಲ್ಲಿ ಅಂಥ ಪ್ರತ್ಯೇಕ ಮಂಡಳಿ ಇಲ್ಲ, ನೀವುವವರಿಗೆ ಕೇಳುವುದೇ ಬೇಡ. ಪರೀಕ್ಷೆ ಆದ ಮೇಲೆ ನೀವುವ ಕೆಲಸವನ್ನು ಊರಿನ ಅನುಭವಿ ಕೈಗೆ ಬಿಡಲು ಅಡ್ಡಿಯೇನು? ದಿನಕ್ಕೆ ಮುನ್ನೂರೋ ನಾನ್ನೂರೋ ಕೂಲಿಯ ಮನೆಯವರಿಗೆ ಬಸ್ಸಿಗೆ ದುಡ್ಡು ಕೊಟ್ಟು ವಾರಕ್ಕೆ ಮೂರು ಸಲ ಪಟ್ಟಣಕ್ಕೆ ಹೋಗುವುದು ಆಗದ ಮಾತು. ಹತ್ತು ಸಿಟ್ಟಿಂಗಿನ ಪ್ಯಾಕೇಜ್ ಮುಂಗಡ ಕಟ್ಟಿಸಿಕೊಳ್ಳುವ ವ್ಯಾಪಾರವಂತೂ ಕಾಯಿಲೆಗಿಂತ ಹೆಚ್ಚು ಕಾಲ ಚಿಕಿತ್ಸೆಯನ್ನು ಬದುಕಿಸುತ್ತದೆ. ಆರು ವಾರದಲ್ಲಿ ರೋಗಿ ಬರುವುದು ಕಡಿಮೆಯಾಗದಿದ್ದರೆ ಕ್ಲಿನಿಕ್ ಗೆದ್ದಿದೆ, ರೋಗಿಯ ಕತ್ತು ಗೆದ್ದಿಲ್ಲ.

ಫಿಸಿಯೋಥೆರಪಿಸ್ಟರು ರೋಗಿಯ ಕೈಯಲ್ಲಿ ಒಂದು ಚೀಟಿ ಕೊಟ್ಟು ಕಳಿಸಬಹುದು, ಕನ್ನಡದಲ್ಲಿ, ನೀವುವವರಿಗೆ ಬರೆದದ್ದು. ಭುಜ, ಹೆಗಲು, ಬೆನ್ನಿನ ಮೇಲ್ಭಾಗ ನೀವಬಹುದು. ಕತ್ತಿನ ಮುಂಭಾಗ ಮುಟ್ಟಬೇಡಿ. ತಲೆ ತಿರುವಬೇಡಿ, ನೆಟಿಗೆ ತೆಗೆಯಬೇಡಿ, ಹಿಂದಕ್ಕೆ ಬಗ್ಗಿಸಬೇಡಿ. ನೀವುವಾಗ ಜೋಮು ಭುಜದಿಂದ ಬೆರಳಿನ ಕಡೆಗೆ ಇಳಿಯತೊಡಗಿದರೆ ನಿಲ್ಲಿಸಿ. ಬೆರಳಿನಿಂದ ಭುಜದ ಕಡೆಗೆ ಏರಿದರೆ ಒಳ್ಳೆಯದು. ಕೈಯ ಹಿಡಿತ ಮೊದಲಿಗಿಂತ ಸೋತಿದ್ದರೆ, ತಲೆ ಸುತ್ತು, ಮಾತು ತೊದಲು, ಎರಡೆರಡು ಕಾಣುವುದು ಇದ್ದರೆ ಅಂದೇ ಆಸ್ಪತ್ರೆಗೆ ಕಳಿಸಿ. ಚೀಟಿಯ ಹಿಂದಿನ ಬದಿಯಲ್ಲಿ ನೀವುವವರು ತಮಗೆ ಕೈಗೆ ಸಿಕ್ಕಿದ್ದನ್ನು ಬರೆದು ವಾಪಸ್ ಕಳಿಸಲು ಎರಡು ಗೆರೆ ಖಾಲಿ ಬಿಡಬೇಕು. ಬರೆಯಲು ಬಾರದಿದ್ದರೆ ಫೋನ್ ಮಾಡಲಿ. ಅದಕ್ಕೆ ಚೀಟಿಯ ಮೇಲೆ ಕ್ಲಿನಿಕ್ಕಿನ ನಂಬರ್ ಇರಬೇಕು, ಆ ಕರೆಯನ್ನು ರಿಸೆಪ್ಷನಿಸ್ಟ್ ಬದಲು ಚಿಕಿತ್ಸಕರೇ ಎತ್ತಬೇಕು.